ಉಬ್ಬು ಗೆರೆ

ಹೊಸ ನೋಟಿನ ಮೇಲೆ ಯಾವ ಚಿತ್ರ ಬರಬೇಕೆಂದು ನಿರ್ಧರಿಸುವ ಸಮಿತಿ ಬೆಳಗಿನಿಂದ ಕಿತ್ತಾಡುತ್ತಿತ್ತು. ಒಬ್ಬರಿಗೆ ಕೋಟೆ ಬೇಕು, ಇನ್ನೊಬ್ಬರಿಗೆ ನವಿಲು. ಅಂಧರ ಸಂಘದ ಪರವಾಗಿ ಕರೆಸಿದ್ದ ಚನ್ನಬಸವ್ವನನ್ನು ಮಾತ್ರ ಯಾರೂ ಮಾತಾಡಿಸಿರಲಿಲ್ಲ. ಹುಟ್ಟುಗುರುಡಿಯಾದ ಆಕೆ ಇಪ್ಪತ್ತು ವರ್ಷದಿಂದ ಬಸ್ ನಿಲ್ದಾಣದಲ್ಲಿ ಬಾಳೆಹಣ್ಣು ಮಾರುತ್ತಿದ್ದಳು. ಕೇಳಿ ಕೇಳಿ ಸಾಕಾಗಿ ಕೊನೆಗೆ ಮೇಜು ಗುದ್ದಿ ಎದ್ದು ನಿಂತಳು.

"ನಿಮ್ಮ ನವಿಲು ತಗೊಂಡು ನಾ ಏನ್ ಮಾಡ್ಲಿರಿ? ಮೊನ್ನೆ ಒಬ್ಬಾಂವ ಐನೂರರ ನೋಟು ಅಂತ ಲಗ್ನಪತ್ರಿಕಿ ತುಂಡು ಕೈಯಾಗಿಟ್ಟು ಚಿಲ್ಲರಿ ಇಸಕೊಂಡು ಹೋದ. ಬೆರಳಿಗೆ ಹತ್ತೋ ಹಂಗ ನಾಕು ಉಬ್ಬು ಗೆರಿ ಹಾಕ್ರಿ, ಸಾಕು."

"ಗೆರೆಗೆ ಜಾಗ ಎಲ್ಲಿದೆಯಮ್ಮ? ಚಿತ್ರವೇ ನೋಟಿನ ತುಂಬ ಬರುತ್ತೆ," ಎಂದರು ಅಧ್ಯಕ್ಷರು.

"ಹಂಗಾರ ಚಿತ್ರ ಸಣ್ಣದು ಮಾಡ್ರಿ! ಕಣ್ಣಿದ್ದವರಿಗೆ ಸಣ್ಣದು ಕಾಣಾಂಗಿಲ್ಲೇನು?"

ಸ್ವಲ್ಪ ಹೊತ್ತು ಹೊರಗೆ ಕೂರಿ ಎಂದರು ಅಧ್ಯಕ್ಷರು. ಆಕೆ ಸಿಟ್ಟಿನಲ್ಲೇ ಹೊರಗೆ ಬಂದು ಕೂತಳು. ಮೋಸ ಹೋದ ದಿನ ಸುತ್ತಲಿನವರು ನಕ್ಕಿದ್ದು ಕಿವಿಯಲ್ಲಿ ಮೊರೆಯುತ್ತಿತ್ತು. ಅರ್ಧ ಗಂಟೆಯಾದ ಮೇಲೆ ಒಳಗಿನಿಂದ ಜೋರು ಚಪ್ಪಾಳೆ ಕೇಳಿಸಿತು. ಅಧ್ಯಕ್ಷರೇ ಹೊರಗೆ ಬಂದು ಆಕೆಯ ಎರಡೂ ಕೈ ಹಿಡಿದುಕೊಂಡರು.

"ನಿಮ್ಮ ಮಾತು ಎಲ್ಲರ ಕಣ್ಣು ತೆರೆಸಿತಮ್ಮ. ಒಬ್ಬರೂ ಬೇಡ ಅನ್ನಲಿಲ್ಲ."

ಚನ್ನಬಸವ್ವ ಥಟ್ಟನೆ ಎದ್ದು ನಿಂತಳು. "ಗೆರಿ ಹಾಕ್ತೀರಿ ಹಂಗಾರ?"

"ಗೆರೆ ಅಲ್ಲಮ್ಮ. ನೋಟಿನ ತುಂಬ ನಿಮ್ಮದೇ ಚಿತ್ರ ಹಾಕ್ತೀವಿ."