ಪಿಕಪ್ಪಿನ ನಡುಕ

ಇಪ್ಪತ್ತು ಮೈಲಿ ಸ್ಪೀಡು ದಾಟಿದ್ದೇ ತಡ, ರುದ್ರಯ್ಯನವರ ಪಿಕಪ್ಪು ಮೈಮೇಲೆ ದೇವರು ಬಂದಂತೆ ನಡುಗತೊಡಗಿತು. ಹಿಂದೆ ಪೆಟ್ಟಿಗೆಗಳಲ್ಲಿದ್ದ ಗೋಲಿ ಸೋಡಾ ಶೀಸೆಗಳು ಕಟಕಟ ಹಲ್ಲು ಕಡಿದವು. ಅವುಗಳಲ್ಲೊಂದು ಟಪ್ಪೆಂದು ಒಡೆದು, ಪಕ್ಕದಲ್ಲಿ ಕುಳಿತು ನಡುಕದ ಮೂಲ ಹುಡುಕುತ್ತಿದ್ದ ಹಾಸನದ ಮೆಕ್ಯಾನಿಕ್ ಪಾಲಾಕ್ಷನ ಮುಖ ತೊಳೆಯಿತು.

ಚನ್ನರಾಯಪಟ್ಟಣದಲ್ಲಿ ಸೋಡಾ ಫ್ಯಾಕ್ಟರಿ ಇಟ್ಟಿದ್ದ ರುದ್ರಯ್ಯ ಮುಂದಿನ ಸೀಟಿನಲ್ಲಿ ಕುಳಿತು ಡ್ರೈವರ್ ಮಂಚಯ್ಯನನ್ನು ದುರುಗುಟ್ಟಿ ನೋಡಿದರು. "ಕೇಳಿಸ್ತೇನಲಾ? ನೀನು ಗಾಡಿ ಓಡಿಸ್ತೀಯೋ, ರಾಗಿ ಬೀಸ್ತೀಯೋ? ಇವತ್ತು ಈ ನಡುಕ ನಿಲ್ಲದಿದ್ರೆ ಕೀಲಿಕೈ ಕೊಟ್ಬುಟ್ಟು ಮನೆಗೆ ನಡಿ."

ಮಂಚಯ್ಯ ರಸ್ತೆಯ ಮೇಲಿನ ಕಣ್ಣು ಕೀಳಲಿಲ್ಲ. ಇಬ್ಬರ ನಡುವೆ ರುದ್ರಯ್ಯನವರ ತಾಯಿ ಗುರುಸಿದ್ದಮ್ಮ ಎಲೆಅಡಿಕೆ ಚೀಲವನ್ನು ಎದೆಗವಚಿಕೊಂಡು ಜಿಗಿಯುತ್ತಿದ್ದರು. ಹಾಸನದ ಮಗಳ ಮನೆಗೆಂದು ಹೊರಟವರು ಈ ಪರೀಕ್ಷೆಗೂ ಸಿಕ್ಕಿಬಿದ್ದಿದ್ದರು.

ಇಳಿಜಾರು ಬಂದಾಗ ಪಾಲಾಕ್ಷ ಹಿಂದಿನಿಂದಲೇ ಕೂಗಿದ. "ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ಗೆ ಬುಡ್ಲಾ!" ಗಾಡಿ ತಾನಾಗಿ ಉರುಳಿತು. ಇಂಜಿನ್ ಸದ್ದು ನಿಂತರೂ ನಡುಕ ನಿಲ್ಲಲಿಲ್ಲ. "ಸರಿ, ಇಂಜಿನ್ದು ತಪ್ಪಿಲ್ಲ. ಈಗೇಳು, ನಿನ್ನ ಕೈಲಿರೋ ಸ್ಟೇರಿಂಗು ನಡುಗ್ತದಾ, ಇಲ್ಲಾ ಕುಂತಿರೋ ಜಾಗ ನಡುಗ್ತದಾ?"

"ಕುಂತಿರೋ ಜಾಗವೇ ಕಣಪ್ಪ," ಎಂದರು ಗುರುಸಿದ್ದಮ್ಮ. "ಅದನ್ನ ನನ್ನ ಕೇಳು."

"ಅಂಗಾದ್ರೆ ಮುಂದ್ಲ ಗಾಲಿದೂ ತಪ್ಪಿಲ್ಲ."

ತನ್ನ ರಿಪೇರಿ ಶೆಡ್ಡಿಗೆ ಮರಳಿದ ಮೇಲೆ ಪಾಲಾಕ್ಷ ಜಾಕಿ ಕೊಟ್ಟು ಹಿಂದಿನ ಗಾಲಿಗಳನ್ನು ಒಂದೊಂದಾಗಿ ಬಿಚ್ಚಿ ತಿರುಗಿಸಿ ನೋಡಿದ. ಎರಡೂ ಸರಿಯಾಗಿಯೇ ಇದ್ದವು. "ಇನ್ನು ಉಳ್ದಿರೋದು ಒಂದೇ ಸಾವ್ಕಾರ್ರೆ. ಗಾಡಿ ಹೊಟ್ಟೆ ಕೆಳಗೆ, ಇಂಜಿನ್‌ನಿಂದ ಹಿಂದ್ಲ ಗಾಲಿಗೆ ಓಗೋ ಉದ್ದನೆ ಶಾಫ್ಟು."

ಮಂಚಯ್ಯ ಮುಂದೆ ನುಗ್ಗಿದ. "ನಾನೇ ನೋಡ್ತೀನಿ ಬುಡಿ ಮೇಸ್ತ್ರಿ. ನೀವ್ಯಾಕೆ ಬಟ್ಟೆ ಕೊಳೆ ಮಾಡ್ಕತೀರಿ?"

"ಈ ಬಟ್ಟೇಲಿ ಕೊಳೆ ಕೂರೋಕೆ ಇನ್ನೆಲ್ಲೈತ್ಲಾ ಜಾಗ?" ಎನ್ನುತ್ತ ಪಾಲಾಕ್ಷ ಮಲಗಿ ಕೆಳಕ್ಕೆ ಜಾರಿದ. ಆಮೇಲೆ ಒಳಗಿನಿಂದ ನಗು ಕೇಳಿಸಿತು. ನಗುವಿನ ಹಿಂದೆಯೇ ಒಂದು ಕುದುರೆ ಲಾಳ ಠಣ್ಣೆಂದು ಹೊರಗೆ ಬಂದು ಬಿತ್ತು. ಮತ್ತೊಂದು ಬಿತ್ತು. ಮೂರನೆಯದು ಕಟ್ಟಿದ್ದ ತಂತಿಯ ಸಮೇತ ಬಿತ್ತು.

"ಸುತ್ತೋ ಶಾಫ್ಟಿನ ಒಂದೇ ಮಗ್ಗುಲಿಗೆ ಮೂರು ಲಾಳ ಬಿಗ್ದವ್ರೆ ಸಾವ್ಕಾರ್ರೆ. ನಡುಗ್ದೆ ಇನ್ನೇನು ಮಾಡ್ತದೆ ಬಡ್ಡೆತ್ತದ್ದು?"

ಗಾಲಿ ಹಾಕಿ ಮತ್ತೆ ಅದೇ ರಸ್ತೆಯಲ್ಲಿ ಓಡಿಸಿದರು. ಇಪ್ಪತ್ತು ದಾಟಿತು, ಮೂವತ್ತು ದಾಟಿತು. ಶೀಸೆಗಳು ಶಾಲೆಯ ಮಕ್ಕಳು ಇನ್‌ಸ್ಪೆಕ್ಟರ್ ಎದುರು ಕೂರುವಂತೆ ಕೂತಿದ್ದವು. ಮಂಚಯ್ಯ ಬೆಳಗಿನಿಂದ ಮೊದಲ ಸಲ ಉಸಿರು ಬಿಟ್ಟ.

ಶೆಡ್ಡಿನ ಮುಂದೆ ಗಾಡಿ ನಿಂತಿತು. ರುದ್ರಯ್ಯ ಇಳಿದು ಬಂದು ಮಂಚಯ್ಯನೆದುರು ನಿಂತರು. "ಈಗ ಹೇಳು. ಕಟ್ಟಿದ್ದು ಯಾರು?"

"ನಾನೇ ಬುದ್ಧಿ."

"ಯಾರ ಮಾತು ಕೇಳಿ?"

ಮಂಚಯ್ಯ ನೆಲ ನೋಡಿದ.

"ಇದು ಸೈನ್ಸಿನ ಕಾಲ! ಮಿಷೀನಿಗೆ ದೃಷ್ಟಿ ಆಗೋದಕ್ಕೆ ಅದೇನು ಕರು ಹಾಕಿದ ಎಮ್ಮೆಯೇನೋ? ನಿಮ್ಮಂಥ ಮೂಢರ ಕೈಗೆ ಗಾಡಿ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ. ಕೊಡು ಕೀಲಿಕೈ!"

ಮಂಚಯ್ಯ ಕೀಲಿಕೈ ತೆಗೆದು ಕೊಟ್ಟ. ಹೆಗಲ ಮೇಲಿನ ವಸ್ತ್ರವನ್ನು ಕೊಡವಿ ರಸ್ತೆಯ ಕಡೆಗೆ ತಿರುಗಿದ.

ಗುರುಸಿದ್ದಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಅವಸರವಿಲ್ಲದೆ ಉಗುಳಿ, ಗಾಡಿಯಿಂದ ಇಳಿದರು.

"ನಿಂತ್ಕೊ ಮಂಚಯ್ಯ. ರುದ್ರ, ಕಟ್ಟಿದ್ದು ಅವ್ನು, ಕಟ್ಸಿದ್ದು ನಾನು. ನಾನು ಗಾಡಿ ಮುಂದೆ ಕಟ್ಟಿದ್ದ ನಿಂಬೆಹಣ್ಣ ನೀನು ಕಿತ್ತೆಸೆದೆಯಲ್ಲ, ಅವತ್ತು ಒಂದು ಲಾಳ. ಗಾಡಿ ನಡುಗೋಕೆ ಸುರುವಾಯ್ತು. ದೃಷ್ಟಿ ಬಲವಾಗೈತೆ ಅಂತ ಇನ್ನೊಂದು. ನಡುಕ ಜಾಸ್ತಿಯಾಯ್ತು. ಮತ್ತೊಂದು."

"ಅದೂ ಸುತ್ತೋ ಶಾಫ್ಟಿಗಾ ಅವ್ವ?"

"ಸುತ್ತಿದ್ರೆ ತಾನೇ ನಾಲ್ಕೂ ದಿಕ್ಕಿನ ಕಣ್ಣು ತಡಿಯೋದು? ನಿಂಗೆ ಹೇಳ್ಬಾರ್ದು ಅಂತ ಅವ್ನ ಕೈಲಿ ಮಕ್ಕಳ ಮೇಲೆ ಆಣೆ ಹಾಕಿಸ್ದೆ. ಹೊಟ್ಟೆಪಾಡು ಹೋದ್ರೂ ಬಾಯಿ ಬುಡ್ಲಿಲ್ಲ, ನೋಡು."

ರುದ್ರಯ್ಯ ಬಾಗಿ ಒಂದು ಲಾಳ ಎತ್ತಿಕೊಂಡು ತಿರುಗಿಸಿ ನೋಡಿದರು.

"ತೆಗೆಯೋದಾದ್ರೆ ನನ್ನ ತೆಗಿ," ಎಂದರು ಗುರುಸಿದ್ದಮ್ಮ. "ಡ್ರೈವರ್ ಕೆಲ್ಸಕ್ಕೆ ಇನ್ನೊಬ್ಬ ಸಿಕ್ಕಾನು. ಅವ್ವನ ಕೆಲ್ಸಕ್ಕೆ ಯಾರ್ನ ಮಡಿಕ್ಕತೀಯೋ, ನಾನೂ ನೋಡ್ತೀನಿ."

ಪಾಲಾಕ್ಷನಿಗೆ ಇದ್ದಕ್ಕಿದ್ದಂತೆ ಗಾಡಿ ಕೆಳಗೆ ಏನೋ ಕೆಲಸ ನೆನಪಾಯಿತು. ರುದ್ರಯ್ಯ ಯಾರ ಮುಖವನ್ನೂ ನೋಡದೆ ಕೀಲಿಕೈಯನ್ನು ಮಂಚಯ್ಯನ ಕಡೆ ಚಾಚಿದರು. ಮಂಚಯ್ಯ ಕೈ ಮುಂದೆ ಮಾಡಲಿಲ್ಲ. ಗುರುಸಿದ್ದಮ್ಮನ ಕಡೆ ನೋಡಿದ. ಅವರು ತಲೆಯಾಡಿಸಿದ ಮೇಲೆಯೇ ತೆಗೆದುಕೊಂಡ.