ನೇರಳೆ ಬಣ್ಣದ ಮಾಂಸ

ವೇಡ್ ಪ್ಯಾಕೆಟ್ಟನ್ನು ದೀಪಕ್ಕೆ ಹಿಡಿದು ನೋಡಿ, "ಚಿಕ್ಕಮ್ಮ, ಇದು ಕೆಟ್ಟಿದೆ" ಅಂದ.

ಓಪಲ್ ಪ್ಯಾಕೆಟ್ಟನ್ನು ಅವನ ಕೈಯಿಂದ ಕಿತ್ತುಕೊಂಡಳು. ನೆಬ್ರಾಸ್ಕದ ಮರಳುಗುಡ್ಡಗಳ ನಡುವಿನ ಆ ಸಣ್ಣ ಕಸಾಯಿಖಾನೆಯ ತಣ್ಣನೆ ಕೋಣೆಯಲ್ಲಿ ಅವಳ ಎಂಟು ಹೋರಿಗಳ ಮಾಂಸ ಅರವತ್ತು ಪೆಟ್ಟಿಗೆಗಳಾಗಿ ಕೂತಿತ್ತು. ಮೆಕ್ಕೆಜೋಳದ ಒಂದು ಕಾಳೂ ತೋರಿಸದೆ ಬರೀ ಹುಲ್ಲಿನ ಮೇಲೆ ಬೆಳೆಸಿದ ಹೋರಿಗಳು. ಈ ಮೊದಲ ಲೋಡನ್ನು ಒಮಾಹಾದ ಅಂಗಡಿಗಳು ಒಪ್ಪದಿದ್ದರೆ, ಉಳಿದ ದನಗಳನ್ನೆಲ್ಲ ಜೋಳ ತಿನ್ನಿಸಿ ಕೊಬ್ಬಿಸುವ ದೊಡ್ಡಿಗೆ ಹೊಡೆಯಬೇಕು. ಆ ದೊಡ್ಡಿಯವರ ಲಾರಿ ಸೋಮವಾರ ಬರುವುದಿತ್ತು. ಅಂಗಡಿಗಳ ಪರವಾಗಿ ಮಾಂಸ ಆರಿಸಲು ಬಂದವನು ಅವಳ ಅಕ್ಕನ ಮಗನೇ.

"ಕೆಟ್ಟಿಲ್ಲ ಕಣೋ. ಗಾಳಿ ತೆಗೆದು ಕಟ್ಟಿದ ಮಾಂಸ ನೇರಳೆಯಾಗೇ ಇರತ್ತೆ."

"ಕೊಬ್ಬು ನೋಡಿ, ಅರಿಶಿನದ ಥರ ಇದೆ. ಮುದಿ ಹಸು ಕಡಿದು ತಂದಿದೀರ ಅಂತಾರೆ ಜನ."

"ಹುಲ್ಲು ಮೇಯ್ದ ದನದ ಕೊಬ್ಬು ಹಳದಿನೇ. ದನದ ಮಧ್ಯೆ ಹುಟ್ಟಿ ಬೆಳೆದೋನು ನೀನು, ನಿಂಗೆ ನಾನು ಹೇಳ್ಬೇಕಾ?"

ವೇಡ್ ತನ್ನ ಚೀಲದಿಂದ ಇನ್ನೊಂದು ಪ್ಯಾಕೆಟ್ ತೆಗೆದು ಮೇಜಿನ ಮೇಲಿಟ್ಟ. ಬಣ್ಣ ಮಾಸದಂತೆ ಒಳಗೆ ಯಾವುದೋ ಅನಿಲ ತುಂಬಿ ಮೇಲೆ ಹಾಳೆ ಬಿಗಿದ ತಟ್ಟೆ. ಮಾಂಸ ಚೆರಿ ಹಣ್ಣಿನಂತೆ ಕೆಂಪಗಿತ್ತು. "ಜನಕ್ಕೆ ಬೇಕಾಗಿರೋದು ಇದು. ಇನ್ನೂ ಎರಡು ದಿನ ಹೀಗೇ ಇರತ್ತೆ."

ಓಪಲ್ ಚಾಕು ತೆಗೆದುಕೊಂಡಳು. ತನ್ನ ಪ್ಯಾಕೆಟ್ಟನ್ನು ಸೀಳಿ ತುಂಡನ್ನು ಹಲಗೆಯ ಮೇಲೆ ಹಾಕಿ, "ಇಪ್ಪತ್ತು ನಿಮಿಷ ಇರು" ಅಂದಳು. ಇಬ್ಬರೂ ನಿಂತರು. ವೇಡ್ ಎರಡು ಸಲ ಗಡಿಯಾರ ನೋಡಿದ. ಹತ್ತು ನಿಮಿಷವಾದರೂ ಮಾಂಸ ಕಪ್ಪುಕಪ್ಪಾಗಿಯೇ ಇತ್ತು. ಆಮೇಲೆ ಅಂಚಿನಲ್ಲಿ ಕೆಂಪು ಮೂಡಿತು. ಗಾಳಿ ಕುಡಿದಂತೆಲ್ಲ ಅದು ಒಳಗೆ ಹರಡಿ ಇಡೀ ತುಂಡು ರಂಗೇರಿತು.

ಈಗ ಅವಳು ಅವನ ತಟ್ಟೆಯ ಹಾಳೆಯನ್ನೂ ಸರ್ರನೆ ಸೀಳಿದಳು. "ಮೂಸಿ ನೋಡು."

ವೇಡ್ ಬಗ್ಗಿದವನು ತಟ್ಟನೆ ಮುಖ ತಿರುಗಿಸಿದ. ಬಣ್ಣ ಕೆಂಪಗೇ ಇತ್ತು, ವಾಸನೆ ಮಾತ್ರ ಕಮಟು.

"ಇದನ್ನ ಮಾರ್ತೀಯ. ನಂದು ಬೇಡ ಅಂತೀಯ."

"ಅಂಗಡಿಗೆ ಬಂದೋರು ಮೂಸಿ ನೋಡಲ್ಲ ಚಿಕ್ಕಮ್ಮ. ಗಾಜಿನಾಚೆಯಿಂದ ಒಂದು ಸಲ ನೋಡ್ತಾರೆ, ಮುಂದೆ ಹೋಗ್ತಾರೆ." ಅವನ ದನಿ ತಗ್ಗಿತ್ತು. "ಹೋದ ತಿಂಗಳು ನಿಮ್ಮದರಂಥ ನೇರಳೆ ಮಾಂಸ ತಗೊಂಡೋನ ಕೆಲಸ ಹೋಯ್ತು. ಆ ಜಾಗಕ್ಕೆ ಬಂದಿರೋನು ನಾನು."

ಓಪಲ್ ಚಾಕುವನ್ನು ಒರೆಸಿ ಒರೆಸಿ ಕೆಳಗಿಟ್ಟಳು. ವೇಡ್ ಸಾಲಿನುದ್ದಕ್ಕೂ ನಡೆಯುತ್ತ ಪೆಟ್ಟಿಗೆ ಪೆಟ್ಟಿಗೆಗೂ 'ತಿರಸ್ಕೃತ' ಎಂಬ ಹಳದಿ ಚೀಟಿ ಅಂಟಿಸಿದ.

ಕೊನೆಯ ಪೆಟ್ಟಿಗೆಯ ಹತ್ತಿರ ಅವನು ನಿಂತುಬಿಟ್ಟ. "ಇದೊಂದು ನಾನು ತಗೊಂಡು ಹೋಗ್ಲಾ? ಮನೆಗೆ. ಮಕ್ಕಳಿಗೆ."

ಓಪಲ್ ಬಾಗಿಲು ತೆರೆದು ಹಿಡಿದಳು. ವೇಡ್ ಪೆಟ್ಟಿಗೆಯನ್ನು ತೊಡೆಗಾನಿಸಿಕೊಂಡು, ತಾನೇ ಅಂಟಿಸಿದ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತ. ಅದು ಅವನ ಹೆಬ್ಬೆರಳಿಗೆ ಅಂಟಿಕೊಂಡಿತು. ಎಷ್ಟು ಕೊಡವಿದರೂ ಬಿಡಲಿಲ್ಲ.