ಏಳನೆಯವಳು

ಹೂವು ಬಲಕ್ಕೇ ಬಿತ್ತು. ಮುಡಿಯಲ್ಲಿದ್ದ ಸೇವಂತಿಗೆಯನ್ನು ಕರಿಕಲ್ಲಿನ ನೆತ್ತಿಯ ಮೇಲಿಟ್ಟು, “ಬರೋ ಮನಸಿದ್ರೆ ಬಲಗಡೆ ಕೊಡು ತಾಯಿ” ಎಂದು ಶಿವಲಿಂಗಮ್ಮ ಕೈಮುಗಿದಿದ್ದಳಷ್ಟೆ. ಊರಿನ ದೇವರುಗಳು ಒಂದು ಹೂವಿಗೆ ಅರ್ಧ ಹೊತ್ತು ಕಾಯಿಸುತ್ತವೆ, ಕೆಲವು ಸಲ ಅತ್ತರೂ ಕೊಡುವುದಿಲ್ಲ. ಇವಳು ಮಾತ್ರ ಗಂಟುಮೂಟೆ ಕಟ್ಟಿಕೊಂಡು ಹೊರಟೇ ನಿಂತವಳ ಹಾಗೆ ಕೇಳಿದ ಕೂಡಲೇ ಕೊಟ್ಟುಬಿಟ್ಟಿದ್ದಳು. ಶಿವಲಿಂಗಮ್ಮ ಅತ್ತಿತ್ತ ನೋಡಿ, ಸೇರಿನ ಗಾತ್ರದ ಆ ಕಲ್ಲನ್ನು ಎತ್ತಿ ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಳು.

ಮಲ್ಪೆಯಿಂದ ಬೋಟಿನಲ್ಲಿ ಬರಬೇಕಾದ ಸೇಂಟ್ ಮೇರೀಸ್ ದ್ವೀಪ ಅದು. ಹಾರೋಹಳ್ಳಿಯ ಫ್ಯಾಕ್ಟರಿಯವರು ಮನೆಮಂದಿಯನ್ನೂ ಕೂರಿಸಿಕೊಂಡು ಬಸ್ಸಿನಲ್ಲಿ ಹೊರಟಿದ್ದರು. ಧರ್ಮಸ್ಥಳ ಆಯಿತು, ಉಡುಪಿ ಆಯಿತು, ಈಗ ಇದು. ಇಳಿದವರು ಇಳಿದ ಹಾಗೇ ಫೋಟೋಕ್ಕೆ ಓಡಿದ್ದರು. ದಡದ ತುಂಬ ಆರು ಮೂಲೆಯ ಕರಿಯ ಕಂಬಗಳು, ಉಳಿ ಮುಟ್ಟದೆ ಕಡೆದಂತೆ, ಒಂದಕ್ಕೊಂದು ಭುಜ ಕೊಟ್ಟು ನಿಂತಿದ್ದವು. ಕೋಟಿಗಟ್ಟಲೆ ವರ್ಷದ ಹಿಂದೆ ಬೆಂಕಿ ಉಕ್ಕಿ, ಆರಿ, ಹೀಗೆ ಕಲ್ಲಾಯಿತಂತೆ ಎಂದು ಮೈದುನನ ಮಗ ಅಶ್ವಥ್ ಬೋರ್ಡು ಓದಿ ಹೇಳಿದ್ದ. “ಉದ್ಭವ ಅನ್ನು” ಎಂದಿದ್ದಳು ಶಿವಲಿಂಗಮ್ಮ.

ಅವಳ ಊರಿನ ಕೆರೆ ಏರಿಯ ಮೇಲೆ ಏಳು ಕಲ್ಲುಗಳಿದ್ದವು, ಏಳು ಜನ ಅಕ್ಕತಂಗಿಯರು. ಅತ್ತೆಯ ಕಾಲದಿಂದ ಅವರಿಗೆ ದೀಪ ಹಚ್ಚುವ ಪಾಲು ಅವಳ ಮನೆಯದು. ಫ್ಯಾಕ್ಟರಿಗೆ ಜಾಗ ಮಟ್ಟ ಮಾಡುವಾಗ ಕೆರೆ ಹೋಯಿತು, ಏರಿ ಹೋಯಿತು. ಆರು ಜನ ಸಿಕ್ಕಿದರು. ಏಳನೆಯವಳು ಮಣ್ಣಿನ ಜೊತೆ ಯಾವ ಶೆಡ್ಡಿನ ತಳಕ್ಕೆ ಸೇರಿದಳೋ, ಆ ಶೆಡ್ಡುಗಳಲ್ಲೇ ದುಡಿಯುವ ಅಶ್ವಥ್‌ಗೂ ತಿಳಿಯದು. ಒಬ್ಬಳನ್ನು ಬಿಟ್ಟು ಮಿಕ್ಕವರಿಗೆ ಆರತಿ ಎತ್ತುವುದುಂಟೇ? ಅಂದಿನಿಂದ ತಂಬಿಟ್ಟಿನ ಆರತಿ ನಿಂತಿತು. ಆರು ಜನರೂ ರಸ್ತೆ ಪಕ್ಕದ ಹೊಂಗೆಮರದ ಕೆಳಗೆ ಕತ್ತಲಲ್ಲಿ ಕೂತಿದ್ದರು. ದೀಪ ತನ್ನ ಕೈಯಲ್ಲೇ ಆರಿತಲ್ಲ ಎಂಬ ಸಂಕಟಕ್ಕೆ ಶಿವಲಿಂಗಮ್ಮ ಆ ದಾರಿಯನ್ನೇ ಬಿಟ್ಟಿದ್ದಳು.

“ಏನ್ ದೊಡ್ಡವ್ವ ಅದು, ಸೊಂಟ ಇಷ್ಟ್ ದಪ್ಪಗಾಗೈತೆ?” ಅಶ್ವಥ್ ಎದುರಾದ.

“ಸುಮ್ಕಿರ್ಲಾ. ಬತ್ತೀನಿ ಅಂದವ್ಳೆ.”

ಅವನಿಗೆ ಅರ್ಥವಾಯಿತು. “ಇದು ಮೇರಿಯಮ್ಮನ ದ್ವೀಪ ಕಣವ್ವ. ಮಾರಮ್ಮನ ಪೈಕಿ ಅಂತ ಹೊತ್ಕೊಂಡೋಯ್ತಿದ್ದೀಯಾ?”

“ಹೆಂಗಸ್ರು ಹೆಂಗಸ್ರು ಹೊಂದ್ಕತಾರೆ. ನೀನ್ ಮುಂದೆ ನಡಿ.”

ಬೋಟಿನ ಹತ್ತಿರ ಖಾಕಿ ಅಂಗಿಯ ಕಾವಲಿನವನು ಒಬ್ಬೊಬ್ಬರನ್ನೇ ನೋಡಿ ಬಿಡುತ್ತಿದ್ದ. ಶಿವಲಿಂಗಮ್ಮನನ್ನು ತಡೆದ. “ಸೆರಗಲ್ಲಿ ಎಂತದು ಅಮ್ಮ?”

“ದೇವ್ರು.”

ಅವನು ನಗಲಿಲ್ಲ. “ಇಲ್ಲಿಂದ ಕಲ್ಲು ತಗೊಂಡು ಹೋಗ್ಲಿಕ್ಕಿಲ್ಲ.”

“ಕದ್ದಿಲ್ಲಪ್ಪ ನಾನು. ಕೇಳೇ ತಗೊಂಡಿವ್ನಿ. ಬಲಗಡೆ ಹೂವು ಕೊಟ್ಟವ್ಳೆ.”

ಕಾವಲಿನವನು ತಲೆಯೆತ್ತಿ ತೆಂಗಿನಮರಗಳ ಕಡೆ ನೋಡಿದ. ಅವಳೂ ನೋಡಿದಳು. ಗರಿಗಳೆಲ್ಲ ಒಂದೇ ದಿಕ್ಕಿಗೆ ಹಾರುತ್ತಿದ್ದವು. “ಮಧ್ಯಾಹ್ನ ತಿರುಗಿದ ಮೇಲೆ ಇಲ್ಲಿ ಗಾಳಿ ಹೀಗೇ ಅಮ್ಮ” ಎಂದ ಮೆಲ್ಲಗೆ. “ನೀವು ಎಂತ ಇಟ್ರೂ ಆ ಬದಿಗೇ ಬೀಳ್ತದೆ.”

ಶಿವಲಿಂಗಮ್ಮ ನಿಂತಲ್ಲೇ ನಿಂತಳು. ಏರಿ ಒಡೆಯುವ ದಿನ ಜೆಸಿಬಿಯವನೂ ತಾಯಿಯನ್ನು ಹೀಗೆಯೇ ಕೇಳಿದ್ದ. ಊದುಬತ್ತಿ ಹಚ್ಚಿ, ಕಾಯಿ ಒಡೆದು, ಗಲ್ಲ ಬಡಿದುಕೊಂಡಿದ್ದ. ಕಾಯಿ ಚೆನ್ನಾಗಿ ಒಡೆಯಿತು, ತಾಯಿ ಒಪ್ಪಿದಳು ಎಂದು ಹೇಳಿಯೇ ಗಾಡಿ ಹತ್ತಿದ್ದ. ಸೊಂಟದಲ್ಲಿದ್ದ ಕಲ್ಲಿಗೆ ಈಗ ತೂಕ ಬಂತು.

“ಹಂಗಾದ್ರೆ ಇದ್ದ ಜಾಗ್ದಲ್ಲೇ ಇಟ್ಬುಟ್ಟು ಬತ್ತೀನಿ ಕಣಪ್ಪ” ಎಂದಳು. “ಎರಡು ಕಂಬದ ಸಂದೀಲಿ ಕುಂತಿದ್ಲು. ನಂಗೆ ಗೊತ್ತೈತೆ.”

“ಇದೇ ಕಡೇ ಬೋಟು. ಇನ್ನು ಬಿಡ್ಲಿಕ್ಕೆ ಆಗುದಿಲ್ಲ. ಅಲ್ಲಿ ಹಾಕಿ.”

ಅವನು ತೋರಿಸಿದ ಕಡೆ, ದಡದ ಗುಡಿಸಲ ಪಕ್ಕದಲ್ಲಿ, ಕಲ್ಲಿನ ರಾಶಿ ಬಿದ್ದಿತ್ತು. ಬ್ಯಾಗುಗಳಿಂದ, ಜೇಬುಗಳಿಂದ, ಟಿಫನ್ ಡಬ್ಬಿಗಳಿಂದ ಕಿತ್ತುಕೊಂಡ ಕಲ್ಲುಗಳು.

“ಇವ್ರ ಜಾಗಕ್ಕೆ ಇವ್ರನ್ನ ಯಾವಾಗ ಬುಡ್ತೀರಪ್ಪ?”

“ಯಾವ್ದು ಎಲ್ಲಿದ್ದು ಅಂತ ಯಾರಿಗೆ ಗೊತ್ತುಂಟು ಅಮ್ಮ.”

ಬೋಟಿನೊಳಗಿದ್ದ ಫ್ಯಾಕ್ಟರಿಯವರು ಕೂಗತೊಡಗಿದ್ದರು. “ಏನ್ಲಾ ಅಶ್ವಥ, ನಿಮ್ ದೊಡ್ಡವ್ವ ಇಲ್ಲೇ ಸೈಟ್ ಗೀಟ್ ತಗೊಂಡ್ರಾ?” ಎಂದು ಒಬ್ಬ ಅಂದ, ಮಿಕ್ಕವರು ನಕ್ಕರು. ಅಶ್ವಥ್‌ಗೆ ಮುಖ ತೋರಿಸಲಾಗಲಿಲ್ಲ. “ಕೊಡಿಲ್ಲಿ” ಎಂದು ಅವಳ ಸೆರಗಿನಿಂದ ಕಲ್ಲು ಬಿಡಿಸಿಕೊಂಡು, ನಿಂತಲ್ಲಿಂದಲೇ ರಾಶಿಯ ಕಡೆಗೆ ಎಸೆದ. ಕಲ್ಲಿಗೆ ಕಲ್ಲು ಬಡಿದ ಸದ್ದಿಗೆ ಅವಳು ಕಣ್ಣು ಮುಚ್ಚಿದಳು.

ಬೋಟು ಹೊರಟಿತು. ಸ್ವಲ್ಪ ಹೊತ್ತಿನ ಮೇಲೆ ಅಶ್ವಥ್ ಅವಳ ಪಕ್ಕಕ್ಕೆ ಬಂದು ಕೂತ. ಮಾಡಿದ್ದು ಅವನ ಮನಸ್ಸಿಗೂ ಚುಚ್ಚುತ್ತಿತ್ತು. “ಓಗ್ಲಿ ಬುಡು ದೊಡ್ಡವ್ವ. ಅವ್ಳ ದ್ವೀಪದಲ್ಲೇ ಅವ್ಳೆ ತಾನೆ.”

“ದ್ವೀಪದಲ್ಲವ್ಳೆ. ಜಾಗದಲ್ಲಿಲ್ಲ.”

ಅವಳು ತಿರುಗಿ ದಡವನ್ನು ನೋಡಿದಳು. ಇಷ್ಟು ಹೊತ್ತೂ ಮೈಗೆ ಅಂಟಿಕೊಂಡಿದ್ದವಳನ್ನು ಆ ರಾಶಿಯಲ್ಲಿ ಹುಡುಕಿದಳು. ಎಲ್ಲವೂ ಕರಿಯ ಕಲ್ಲುಗಳೇ. ಯಾವುದು ಎಂದು ಆಗಲೇ ಗುರುತು ಸಿಗಲಿಲ್ಲ.